ಕ್ರಿಸ್‌ಮಸ್ ಕಳ್ಳಿಗೆ ಒಂದಿಷ್ಟು ಕತ್ತಲೆ ಕೊಡಿ

ಹೋದ ತಿಂಗಳು ಈ ಅಂಕಣದಲ್ಲಿ ಬ್ರಹ್ಮಕಮಲದ ಬಗ್ಗೆ ಬರೆದಿದ್ದೆ. ಅದರಲ್ಲಿ ಒಂದೇ ಒಂದು ಸಾಲು, ‘ಇದರ ದಾಯಾದಿ ಕ್ರಿಸ್‌ಮಸ್ ಕ್ಯಾಕ್ಟಸ್’ ಅಂತ ಹೇಳಿ ಮುಂದಕ್ಕೆ ಹೋಗಿದ್ದೆ. ಬಂದ ಪತ್ರಗಳನ್ನು ನೋಡಿದರೆ ಅರ್ಧಕ್ಕರ್ಧ ಆ ಒಂದು ಸಾಲಿನ ಬಗ್ಗೆಯೇ! ಶಿಡ್ಲಘಟ್ಟದವರು, ಚಿಂತಾಮಣಿಯವರು, ನಮ್ಮ ಚಿಕ್ಕಬಳ್ಳಾಪುರದವರೇ ಮೂರು ಜನ, ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಪ್ರಶ್ನೆ: “ನರ್ಸರಿಯಿಂದ ತಂದಾಗ ಮೈತುಂಬ ಹೂ ಇತ್ತು. ಆಮೇಲೆ ಗಿಡ ಚೆನ್ನಾಗೇ ಬೆಳೀತಿದೆ, ಹಸಿರಾಗೇ ಇದೆ. ಎರಡು ವರ್ಷ ಆಯ್ತು, ಒಂದು ಮೊಗ್ಗೂ ಇಲ್ಲ. ಏನು ಗೊಬ್ಬರ ಹಾಕ್ಬೇಕು?”

ಗೊಬ್ಬರ ಬೇಡ. ಬೇಕಾಗಿರೋದು ಕತ್ತಲೆ. ಈಗ ಸೆಪ್ಟೆಂಬರ್ ಮುಗೀತಾ ಬಂತು, ಕೆಲಸ ಶುರು ಮಾಡೋಕೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಈ ಗಿಡಕ್ಕೇ.

ಮೊದಲು ಗಿಡದ ಗುರುತು. ಮುಳ್ಳಿಲ್ಲದ ಕಳ್ಳಿ ಇದು. ಚಪ್ಪಟೆಯಾದ ಹಸಿರು ತುಂಡುಗಳು ಒಂದರ ತುದಿಗೆ ಒಂದು ಪೋಣಿಸಿದ ಹಾಗೆ ಬೆಳೆದು ಕುಂಡದ ಸುತ್ತ ಜೋತು ಬೀಳುತ್ತವೆ. ನಾವು ಎಲೆ ಅಂತ ಕರೆಯೋದು ನಿಜವಾಗಿ ಎಲೆಯಲ್ಲ, ಕಾಂಡ. ತುದಿಯ ತುಂಡಿನಿಂದ ಗುಲಾಬಿ, ಕೆಂಪು, ಬಿಳಿ, ಕಿತ್ತಳೆ ಬಣ್ಣದ ಹೂ ಬರುತ್ತೆ, ಒಂದು ಹೂವಿನೊಳಗಿಂದ ಇನ್ನೊಂದು ಹೂ ಹೊರಬಂದ ಹಾಗೆ. ತುಂಡಿನ ಅಂಚು ಏಡಿಯ ಕೊಂಡಿಯ ಹಾಗೆ ಚೂಪಾಗಿದ್ದರೆ ಅದು ಸ್ವಲ್ಪ ಬೇಗ, ನವೆಂಬರ್ ಹೊತ್ತಿಗೇ ಹೂ ಬಿಡೋ ಜಾತಿ. ಅಂಚು ಗುಂಡಗೆ ಅಲೆಯಲೆಯಾಗಿದ್ದರೆ ಅದು ಹಳೇಕಾಲದ, ಅಸಲಿ ಕ್ರಿಸ್‌ಮಸ್ ಕ್ಯಾಕ್ಟಸ್. ನರ್ಸರಿಗಳಲ್ಲಿ ಈಗ ಸಿಗೋದು ಬಹುತೇಕ ಚೂಪು ಅಂಚಿನದೇ. ಆರೈಕೆ ಎರಡಕ್ಕೂ ಒಂದೇ, ಆದ್ದರಿಂದ ನಿಮ್ಮ ಮನೇಲಿರೋದು ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ.

“ಮನೆಯೊಳಗೆ ಕಳ್ಳಿ ಇಡಬಾರದು ಅಂತಾರೆ, ಅತ್ತೆ ಬೇಡ ಅಂತಿದ್ದಾರೆ” ಅಂತಲೂ ಒಬ್ಬರು ಬರೆದಿದ್ದಾರೆ. ಅತ್ತೆಯವರಿಗೆ ಒಂದು ಮಾತು ಹೇಳಿ ನೋಡಿ: ನಾವು ಭಕ್ತಿಯಿಂದ ಅರಿಶಿನ ಕುಂಕುಮ ಹಚ್ಚಿ, ರಾತ್ರಿ 12 ಗಂಟೆಗೆ ಅಕ್ಕಪಕ್ಕದವರನ್ನೆಲ್ಲ ಕರೆದು ಆರತಿ ಎತ್ತೋ ನಮ್ಮ ಮನೆಗಳ ಬ್ರಹ್ಮಕಮಲವೂ ಕಳ್ಳಿಯೇ. ಹಿಮಾಲಯದಲ್ಲಿ ಬೆಳೆಯೋ ನಿಜವಾದ ಬ್ರಹ್ಮಕಮಲ ಬೇರೆ ಗಿಡ. ನಮ್ಮ ಹಿತ್ತಲಿನದು ಅಮೆರಿಕ ಖಂಡದಿಂದ ಬಂದ ಕಳ್ಳಿ. ಇತ್ತೀಚೆಗೆ ನಮ್ಮ ಕಡೆ ಹೊಲಗಳಲ್ಲಿ ಕಲ್ಲುಕಂಬಕ್ಕೆ ಹಬ್ಬಿಸಿ ಬೆಳೆಯುತ್ತಿರೋ ಡ್ರ್ಯಾಗನ್ ಫ್ರೂಟ್ ಕೂಡ ಕಳ್ಳಿಯೇ. ಈ ಮೂರರ ಪೈಕಿ ಮುಳ್ಳಿನ ಕಾಟ ಇರೋದು ಡ್ರ್ಯಾಗನ್ ಫ್ರೂಟ್‌ಗೆ ಮಾತ್ರ.

ಹೆಸರಲ್ಲಿ ಕಳ್ಳಿ ಇದೆ ಅಂತ ಮರುಭೂಮಿಯ ಗಿಡ ಅಂದುಕೊಂಡು ಬಿಸಿಲಿಗಿಟ್ಟು, ತಿಂಗಳಿಗೊಮ್ಮೆ ನೀರು ಹಾಕಿ ಒಣಗಿಸಿದವರು ಬಹಳ. ಇದರ ತವರು ಬ್ರೆಜಿಲ್. ರಿಯೊ ಡಿ ಜನೈರೊ ಊರಿನ ಹಿಂದಿರೋ ಕರಾವಳಿ ಬೆಟ್ಟಸಾಲಿನ ಮಳೆಕಾಡು. ಅಲ್ಲಿ ಇದು ನೆಲದಲ್ಲಿ ಬೆಳೆಯೋದೇ ಇಲ್ಲ. ಮರದ ಕವಲಲ್ಲಿ, ಬಂಡೆಯ ಸಂದಿಯಲ್ಲಿ, ಪಾಚಿ ಮತ್ತು ಕೊಳೆತ ಎಲೆ ಸೇರಿದ ಒಂದು ಹಿಡಿ ಜಾಗದಲ್ಲಿ ಬೇರು ಬಿಡುತ್ತೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರಕ್ಕೆ ನಂದಿ ಬೆಟ್ಟದ ಮೇಲೆ ನಿಂತು ನೋಡಿದ್ದೀರಲ್ಲ? 1,478 ಮೀಟರ್ ಎತ್ತರದಲ್ಲಿ ಮಂಜು ಮರದ ಕಾಂಡಕ್ಕೆ ಅಂಟಿಕೊಂಡು, ಪಾಚಿ ನೆಂದು, ಕೊಂಬೆಯಿಂದ ತೊಟ್ಟಿಕ್ಕುತ್ತಾ ಇರುತ್ತೆ. ಹೆಚ್ಚುಕಮ್ಮಿ ಅಂಥ ಜಾಗದ ಗಿಡ ಇದು. ಕೆಳಗೆ ಊರಿಗಿಳಿದು ಬಂದರೆ ಅದಕ್ಕೆ ನಮ್ಮ ಟೆರೇಸ್ ಹೇಗೆ ಹಿಡಿಸೀತು ಹೇಳಿ.

ಬ್ರೆಜಿಲ್‌ನವರು ಇದನ್ನು ಕ್ರಿಸ್‌ಮಸ್ ಅನ್ನೋದಿಲ್ಲ, ‘ಫ್ಲೋರ್ ದೆ ಮಾಯೊ’ ಅಂತಾರೆ. ಅಂದರೆ ಮೇ ತಿಂಗಳ ಹೂ. ಭೂಮಧ್ಯರೇಖೆಯ ಆ ಕಡೆ ಮೇ ಅಂದರೆ ಹಗಲು ಕುಗ್ಗಿ, ಚಳಿ ಶುರುವಾಗೋ ಕಾಲ. 1819ರಲ್ಲಿ ಇಂಗ್ಲೆಂಡಿನ ಏಡ್ರಿಯನ್ ಹಾವರ್ತ್ ಇದಕ್ಕೆ ಮೊದಲ ಸಲ ಶಾಸ್ತ್ರೀಯ ಹೆಸರಿಟ್ಟರು. ಯುರೋಪಿನ ಮನೆಗಳಲ್ಲಿ ಕುಂಡಕ್ಕೆ ಸೇರಿದ ಮೇಲೆ ಅಲ್ಲಿ ಹಗಲು ಕುಗ್ಗೋದು ನವೆಂಬರ್–ಡಿಸೆಂಬರ್‌ನಲ್ಲಿ ಆದ್ದರಿಂದ, ಕ್ರಿಸ್‌ಮಸ್ ಹೊತ್ತಿಗೆ ಹೂ ಬಿಡ್ತು, ಆ ಹೆಸರು ಅಂಟಿಕೊಳ್ತು. ಗಿಡಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ, ಮೇ ಗೊತ್ತಿಲ್ಲ, ಡಿಸೆಂಬರ್ ಗೊತ್ತಿಲ್ಲ. ಅದು ಲೆಕ್ಕ ಹಾಕೋದು ರಾತ್ರಿ ಎಷ್ಟು ಉದ್ದ ಇದೆ ಅನ್ನೋದನ್ನ.

ಈ ಲೆಕ್ಕ ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ. ರಾತ್ರಿ ಬೆಂಗಳೂರಿನಿಂದ ಹೈದರಾಬಾದ್ ರಸ್ತೆಯಲ್ಲಿ ಬಸ್ಸಲ್ಲಿ ಬರುವಾಗ, ದೇವನಹಳ್ಳಿ ದಾಟಿದ ಮೇಲೆ ಕತ್ತಲ ನಡುವೆ ಇದ್ದಕ್ಕಿದ್ದಂತೆ ಒಂದು ಹೊಲ ಪೂರ್ತಿ ಬಲ್ಬುಗಳಿಂದ ಜಗಮಗ ಅನ್ನೋದನ್ನು ನೋಡಿರಬಹುದು. ಗೊತ್ತಿಲ್ಲದವರು ಮದುವೆ ಮನೆ ಅಂದುಕೊಳ್ಳುತ್ತಾರೆ. ಅದು ಸೇವಂತಿಗೆ ತೋಟ. ಸೇವಂತಿಗೆ ಕೂಡ ಉದ್ದ ರಾತ್ರಿ ನೋಡಿ ಮೊಗ್ಗು ಕಟ್ಟೋ ಗಿಡ. ಸಸಿ ಇನ್ನೂ ಗೇಣುದ್ದ ಇರುವಾಗಲೇ ಮೊಗ್ಗು ಬಂದುಬಿಟ್ಟರೆ ರೈತನಿಗೆ ನಷ್ಟ. ಅದಕ್ಕೆ ನಾಟಿ ಮಾಡಿದ ಮೊದಲ ಕೆಲವು ವಾರ ರಾತ್ರಿ ಹೊತ್ತು ಬಲ್ಬು ಉರಿಸಿ, “ಇನ್ನೂ ರಾತ್ರಿ ಚಿಕ್ಕದೇ ಇದೆ ಕಣಪ್ಪಾ, ಬೆಳಿ ಬೆಳಿ” ಅಂತ ಗಿಡವನ್ನು ನಂಬಿಸುತ್ತಾರೆ. ಗಿಡ ಎತ್ತರ ಆಗಿ ಕವಲೊಡೆದ ಮೇಲೆ ಬಲ್ಬು ಆರಿಸುತ್ತಾರೆ. ಆಮೇಲೆ ಮೊಗ್ಗು. ಹಬ್ಬದ ಲೆಕ್ಕ ಹಾಕಿ ಮಾರುಕಟ್ಟೆಗೆ ಹೂ ತರೋ ಉಪಾಯ ಇದು.

ರೈತ ಬೇಕು ಅಂತಲೇ ಮಾಡೋದನ್ನು ನಾವು ಮನೆಯಲ್ಲಿ ಗೊತ್ತಿಲ್ಲದೇ ಕ್ರಿಸ್‌ಮಸ್ ಕಳ್ಳಿಗೆ ಮಾಡ್ತಾ ಇರ್ತೀವಿ. ವರಾಂಡದ ಬಲ್ಬು, ಹಾಲ್‌ನ ಟ್ಯೂಬ್‌ಲೈಟು, ಕಿಟಕಿಯಾಚೆಯ ಬೀದಿದೀಪ. ಒಂದೊಂದೂ ಆ ಸೇವಂತಿಗೆ ತೋಟದ ಬಲ್ಬೇ.

ವಿಜ್ಞಾನಿಗಳಿಗೆ ಇದು ತಿಳಿದದ್ದು ಎರಡು ಹಂತದಲ್ಲಿ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು, ಹೂವೇ ಬಿಡದೆ ಆಳೆತ್ತರ ಬೆಳೆಯುತ್ತಿದ್ದ ಒಂದು ಹೊಗೆಸೊಪ್ಪಿನ ತಳಿಯನ್ನು ಹಿಡಿದು, ಹಗಲಿನ ಉದ್ದಕ್ಕೂ ಹೂವಿಗೂ ಸಂಬಂಧ ಇದೆ ಅಂತ ತೋರಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಗಿಡಕ್ಕೆ ಲೆಕ್ಕಕ್ಕಿಲ್ಲ, ಆದರೆ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಹೂ ನಿಂತುಹೋಗುತ್ತೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ, ಗಿಡದೊಳಗೆ ಒಂದು ಟೈಮರ್ ಓಡ್ತಾ ಇರುತ್ತೆ, ಬೆಳಕು ಬಿದ್ದ ತಕ್ಷಣ ಸೊನ್ನೆಗೆ ರೀಸೆಟ್. ರಾತ್ರಿ ಹತ್ತಕ್ಕೆ ನೀರು ಕುಡಿಯೋಕೆ ಎದ್ದು ನೀವು ಲೈಟ್ ಹಾಕಿದಿರಿ ಅಂದರೆ ಸಂಜೆಯಿಂದ ಅದು ಎಣಿಸಿದ್ದು ವ್ಯರ್ಥ. ಒಂದು ದಿನ ಹಾಗಾದರೆ ಆಕಾಶವೇನೂ ಕಳಚಿ ಬೀಳಲ್ಲ, ದಿನಾ ಆದರೆ ಮೊಗ್ಗಿಲ್ಲ.

ಇಲ್ಲಿ ನಮ್ಮ ಊರಿನದೇ ಒಂದು ತೊಡಕಿದೆ. ಲಂಡನ್‌ನಲ್ಲಿ ಜೂನ್‌ನಲ್ಲಿ ಹಗಲು 16 ಗಂಟೆಗೂ ಮೀರಿ ಇರುತ್ತೆ, ಡಿಸೆಂಬರ್‌ನಲ್ಲಿ 8 ಗಂಟೆಗೂ ಕಮ್ಮಿ. ಗಿಡಕ್ಕೆ ವ್ಯತ್ಯಾಸ ಸ್ಪಷ್ಟ. ಚಿಕ್ಕಬಳ್ಳಾಪುರ ಇರೋದು ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್‌ನ ಅತಿ ಉದ್ದದ ಹಗಲು 13 ಗಂಟೆಗೆ ಸ್ವಲ್ಪ ಕಮ್ಮಿ, ಡಿಸೆಂಬರ್‌ನ ಅತಿ ಚಿಕ್ಕ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ಕ್ರಿಸ್‌ಮಸ್ ಕಳ್ಳಿ ಕೇಳೋದು 12 ಗಂಟೆ ಮೀರಿದ ರಾತ್ರಿಯನ್ನು. 13–14 ಗಂಟೆ ಸಿಕ್ಕರೆ ಅದಕ್ಕೆ ಖುಷಿ. ನಮ್ಮಲ್ಲಿ ಪ್ರಕೃತಿ ಕೊಡೋದು ಹೆಚ್ಚೆಂದರೆ 12 ಗಂಟೆ 40 ನಿಮಿಷ. ಹೊಸ್ತಿಲ ಮೇಲೆ ನಿಂತ ಹಾಗೆ. ಅದರ ಮೇಲೆ ಒಂದು ಬಲ್ಬು ಉರಿದರೆ ಮುಗೀತು. ಇಂಟರ್ನೆಟ್‌ನಲ್ಲಿ ಚಳಿದೇಶದವರು “ಕಿಟಕಿ ಹತ್ತಿರ ಇಡಿ, ತಾನೇ ಹೂ ಬಿಡುತ್ತೆ” ಅಂತ ಹೇಳೋ ಮಾತು ನಮಗೆ ಪೂರ್ತಿ ಕೆಲಸಕ್ಕೆ ಬರದೇ ಇರೋದು ಇದಕ್ಕೇ.

ಚಳಿಯೂ ಸಹಾಯ ಮಾಡುತ್ತೆ. ರಾತ್ರಿ 15 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇಳಿದರೆ ಗಿಡ ಬೆಳಕಿನ ಲೆಕ್ಕವನ್ನು ಅಷ್ಟು ಕಟ್ಟುನಿಟ್ಟಾಗಿ ಕೇಳೋದಿಲ್ಲ. ಚಿಕ್ಕಬಳ್ಳಾಪುರದಲ್ಲಿ, ನಂದಿ ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಕೆಲವರ ಮನೆ ಗಿಡ ಏನೂ ಮಾಡದಿದ್ದರೂ ಜನವರಿ–ಫೆಬ್ರವರಿಯಲ್ಲಿ ನಾಲ್ಕು ಹೂ ಬಿಡೋದು ಈ ಚಳಿಯ ಪುಣ್ಯದಿಂದ. ಗೌರಿಬಿದನೂರು ನಮಗಿಂತ ಇನ್ನೂರು ಮೀಟರ್‌ನಷ್ಟು ತಗ್ಗು, ಸೆಕೆ ಜಾಸ್ತಿ. ಅಲ್ಲಿಯವರು ಚಳಿಯನ್ನು ನಂಬಿಕೊಂಡು ಕೂರೋ ಹಾಗಿಲ್ಲ, ಕತ್ತಲೆಯನ್ನೇ ನಂಬಬೇಕು.

ಗೌರಿಬಿದನೂರು ಅಂದಾಗ ನನ್ನ ದೊಡ್ಡಮ್ಮನ ಗಿಡದ ಕಥೆ ಹೇಳಲೇಬೇಕು. ದೊಡ್ಡಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು. ಅಣ್ಣ ಅಮೆರಿಕದಲ್ಲಿದ್ದಾನೆ. ವರ್ಷದ ತಿಥಿಗೆ ಬಂದವನು ವಾಪಸ್ ಹೋಗೋ ಮುಂಚೆ ಬೆಂಗಳೂರಿನ ನರ್ಸರಿಯಿಂದ ಹೂ ಬಿಟ್ಟಿದ್ದ ಒಂದು ಕ್ರಿಸ್‌ಮಸ್ ಕಳ್ಳಿ ತಂದು ವರಾಂಡದ ಗ್ರಿಲ್‌ಗೆ ನೇತುಹಾಕಿ ಹೋದ. ಹೂ ಉದುರಿದವು. ಮುಂದಿನ ವರ್ಷ ಬರಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ದೊಡ್ಡಮ್ಮ ಜಾಸ್ತಿ ಮಾತಾಡೋವ್ರಲ್ಲ. ಆದರೆ ಹೋದಾಗಲೆಲ್ಲ ಗಿಡದ ಹತ್ತಿರ ನಿಂತು, “ಅವನು ಹೋದ ಮೇಲೆ ಇದೂ ಮುನಿಸಿಕೊಂಡಿದೆ ನೋಡೇ” ಅನ್ನೋರು. ತಮಾಷೆಗೆ ಅನ್ನೋ ಹಾಗೇ ಅನ್ನೋರು, ಆದರೆ ಪ್ರತಿ ಸಲ ಅನ್ನೋರು.

ಗಿಡದ ತಲೆ ಮೇಲೇ ಒಂದು ಒಂಬತ್ತು ವ್ಯಾಟ್‌ನ ಎಲ್ಇಡಿ ಬಲ್ಬು. ದೊಡ್ಡಪ್ಪ ಹೋದಾಗಿನಿಂದ ಅದು ರಾತ್ರಿಯಿಡೀ ಉರಿಯುತ್ತೆ. ಒಂಟಿ ಹೆಂಗಸು, ಬೀದಿ ಕಡೆ ವರಾಂಡ. ಆ ದೀಪ ಉರೀತಿದ್ದರೆ ಅವರಿಗೆ ನಿದ್ದೆ ಬರುತ್ತೆ. ಪುಸ್ತಕದ ಪ್ರಕಾರ ನಾನು “ದೀಪ ಆರಿಸಿ ದೊಡ್ಡಮ್ಮ” ಅನ್ನಬೇಕಿತ್ತು. ಹೂವಿಗೋಸ್ಕರ ಯಾರಾದರೂ ಭಯ ಪಟ್ಟುಕೊಂಡು ಮಲಗೋದು ಯಾವ ನ್ಯಾಯ? ದೀಪ ಅಲ್ಲೇ ಇರಲಿ, ಗಿಡದ ಜಾಗ ಬದಲಿಸೋಣ ಅಂದೆ.

ಎಲ್ಲಿಗೆ ಅನ್ನೋದು ಪ್ರಶ್ನೆ. ಅಡುಗೆಮನೆಯಲ್ಲಿ ಒಂಬತ್ತೂವರೆ ತನಕ ಲೈಟು. ಹಾಲ್‌ನಲ್ಲಿ ಟೀವಿ. ದೇವರ ಮನೆಯಲ್ಲಿ ಹಗಲು ಬೆಳಕಿಲ್ಲ. ಉಳಿದದ್ದು ಹಿಂದಿನ ರೂಮು. ಪೂರ್ವಕ್ಕೆ ದೊಡ್ಡ ಕಿಟಕಿ, ಸಂಜೆ ಮೇಲೆ ಯಾರೂ ಕಾಲಿಡೋದಿಲ್ಲ. ದೊಡ್ಡಪ್ಪನ ರೂಮು ಅದು. ಮಂಚ, ಪಂಚಾಂಗ, ಕನ್ನಡಕದ ಡಬ್ಬಿ ಎಲ್ಲ ಹಾಗೇ ಇದೆ. ಕಸ ಗುಡಿಸೋಕೆ ವಾರಕ್ಕೊಂದು ದಿನ ಬಾಗಿಲು ತೆಗೆಯೋದು ಬಿಟ್ಟರೆ ಮುಚ್ಚೇ ಇರುತ್ತಿತ್ತು. ನಾನು ಹೇಳೋದೋ ಬೇಡವೋ ಅಂತ ನಿಂತಿದ್ದೆ, ದೊಡ್ಡಮ್ಮನೇ, “ಅಲ್ಲೇ ಇಡು” ಅಂದರು.

ಅಕ್ಟೋಬರ್ ಮೊದಲ ವಾರದಿಂದ ಬೆಳಿಗ್ಗೆ ಏಳೂವರೆಗೆ ಕಿಟಕಿ ತೆಗೆಯೋದು, ಸಂಜೆ ಆರಕ್ಕೆ ಕಿಟಕಿ ಮುಚ್ಚಿ ದಪ್ಪ ಬೆಡ್‌ಶೀಟ್ ಇಳಿಬಿಡೋದು. ಒಂದು ದಿನವೂ ತಪ್ಪಿಸಲಿಲ್ಲ ಅಂತ ಕಾಣುತ್ತೆ. ನವೆಂಬರ್ ಹತ್ತರ ಸುಮಾರಿಗೆ ಬೆಳಿಗ್ಗೆ ಬೆಳಿಗ್ಗೆನೇ ಫೋನು. “ತುದಿಯಲ್ಲಿ ಕೆಂಪಗೆ ಅಕ್ಕಿಕಾಳಿನ ಹಾಗೆ ಏನೋ ಇದೆ ಕಣೇ. ಹುಳನಾ?” ಹುಳ ಅಲ್ಲ, ಮೊಗ್ಗು. ಎಣಿಸಿದರಂತೆ, ಹನ್ನೊಂದು. ಡಿಸೆಂಬರ್‌ನಲ್ಲಿ ಹೂವಾದಾಗ ಅಣ್ಣನಿಗೆ ವೀಡಿಯೋ ಕಾಲ್ ಮಾಡಿ ತೋರಿಸಿದರು. ಹಿಂದಿನ ರೂಮಿನಿಂದಲೇ ತೋರಿಸಿದರು, ಅವನು ಹೂ ನೋಡಿದನೋ ರೂಮು ನೋಡಿದನೋ ನನಗೆ ಗೊತ್ತಿಲ್ಲ. ಆ ರೂಮಿನ ಕಿಟಕಿ ಈಗ ದಿನಾ ತೆಗೆದಿರುತ್ತೆ.

ಇನ್ನು ನೀವು ಮಾಡಬೇಕಾದದ್ದು. ಅಕ್ಟೋಬರ್ ಶುರುವಿನಿಂದ ಆರು ವಾರ, ಸಂಜೆ ಆರರಿಂದ ಬೆಳಿಗ್ಗೆ ಏಳೂವರೆ ತನಕ ಗಿಡಕ್ಕೆ ಪೂರ್ತಿ ಕತ್ತಲೆ. ಪೂರ್ತಿ ಅಂದರೆ ಪೂರ್ತಿ, ಪುಸ್ತಕ ಓದೋಕಾಗದಷ್ಟು. ಹಗಲು ಒಳ್ಳೆಯ ಬೆಳಕು ಬೇಕೇ ಬೇಕು, ನೇರ ಬಿಸಿಲು ಬೇಡ. ಬೇರೆ ರೂಮಿಲ್ಲದವರು ಗಿಡ ಇದ್ದಲ್ಲೇ ಒಂದು ದೊಡ್ಡ ರಟ್ಟಿನ ಡಬ್ಬಿ ಬೋರಲು ಹಾಕಿ. ಫ್ರಿಜ್ಜಿನದೋ ಟೀವಿಯದೋ ಡಬ್ಬಿ ಅಟ್ಟದ ಮೇಲೆ ಇದ್ದೇ ಇರುತ್ತೆ, ಎಸೆಯೋಕೆ ಮನಸ್ಸು ಬಾರದೇ ಇಟ್ಟಿರ್ತೀವಲ್ಲ. ಬೆಳಿಗ್ಗೆ ತೆಗೆಯೋಕೆ ಮರೆಯದಿದ್ದರೆ ಆಯ್ತು. ಶಿಡ್ಲಘಟ್ಟದ ರೇಷ್ಮೆ ಮನೆಗಳಿಗೆ ಇದನ್ನು ವಿವರಿಸೋ ಅಗತ್ಯವೇ ಇಲ್ಲ. ಮೊಟ್ಟೆ ಒಡೆಯೋ ಎರಡು ದಿನ ಮುಂಚೆ ಕಪ್ಪು ಕಾಗದದಲ್ಲೋ ಬಟ್ಟೆಯಲ್ಲೋ ಸುತ್ತಿ ಕತ್ತಲಲ್ಲಿಟ್ಟು, ಆಮೇಲೆ ಬೆಳಕಿಗೆ ಒಡ್ಡಿದರೆ ಹುಳುಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಬ್ಲಾಕ್ ಬಾಕ್ಸಿಂಗ್ ಅಂತಾರೆ. ಅದೇ ಶಿಸ್ತು, ಎರಡು ದಿನದ ಬದಲು ಆರು ವಾರ.

ದೀಪಾವಳಿ ಸರಿಯಾಗಿ ಈ ಆರು ವಾರದ ನಡುವೆಯೇ ಬರುತ್ತೆ ಅನ್ನೋದು ನೆನಪಿರಲಿ. ಬಾಲ್ಕನಿಗೆ ಸೀರಿಯಲ್ ಸೆಟ್ ಹಾಕಿ ಕಾರ್ತಿಕ ಮುಗಿಯೋ ತನಕ ತೆಗೆಯದೇ ಇರೋ ಮನೆಗಳಲ್ಲಿ ಗಿಡವನ್ನು ಆ ಕಡೆ ಇಡಲೇಬೇಡಿ.

ಮೊಗ್ಗು ಕಣ್ಣಿಗೆ ಕಂಡ ಮೇಲೆ ಕತ್ತಲೆಯ ವ್ರತ ಮುಗೀತು, ಡಬ್ಬಿ ತೆಗೆದಿಡಿ. ಆದರೆ ಆಗ ಇನ್ನೊಂದು ಕಾಟ ಶುರು. ಚಿಂತಾಮಣಿಯ ಓದುಗರೊಬ್ಬರು ಬರೆದಿದ್ದಾರೆ: “ಮೊಗ್ಗು ಬರುತ್ತೆ, ಬೆರಳುದ್ದ ಆಗೋಷ್ಟರಲ್ಲಿ ಉದುರಿಹೋಗುತ್ತೆ. ಯಾರ ದೃಷ್ಟಿ ಬಿತ್ತೋ.” ಅವರ ಪತ್ರದಲ್ಲೇ ಉತ್ತರ ಇತ್ತು. ಗಿಡ ಇರೋದು ನಡುಮನೆಯಲ್ಲಿ, ಅದೇ ನಡುಮನೆಯಲ್ಲಿ ಮಾರುಕಟ್ಟೆಗೆ ಹೋಗೋ ಟೊಮ್ಯಾಟೊ ಕ್ರೇಟುಗಳನ್ನು ರಾತ್ರಿ ಜೋಡಿಸಿಡುತ್ತಾರಂತೆ. ಟೊಮ್ಯಾಟೊ, ಬಾಳೆಹಣ್ಣು, ಸೇಬು ಇವೆಲ್ಲ ಹಣ್ಣಾಗುವಾಗ ಎಥಿಲೀನ್ ಅನ್ನೋ ಅನಿಲ ಬಿಡುತ್ತವೆ. ಈ ಕಳ್ಳಿಯ ಮೊಗ್ಗಿಗೆ ಅದು ಆಗಿಬರಲ್ಲ, ಉದುರಿಸಿಬಿಡುತ್ತೆ. ಕ್ರೇಟು ಹೊರಗಿಡೋಕಾಗಲ್ಲ ಅಂದರೆ ಗಿಡ ಹೊರಗೆ ಹೋಗಲಿ, ಹೊಟ್ಟೆಪಾಡು ಮೊದಲು. ಬೇರೆ ಮನೆಗಳಲ್ಲಿ ಮೊಗ್ಗು ಉದುರೋಕೆ ಸಾಮಾನ್ಯ ಕಾರಣ ಬೇರು ಪೂರ್ತಿ ಒಣಗಿಹೋಗೋದು, ಇಲ್ಲವೇ ಗಿಡವನ್ನು ಮೇಲಿಂದ ಮೇಲೆ ಜಾಗ ಬದಲಿಸೋದು. ನೆಂಟರು ಬಂದರು ಅಂತ ಟೀಪಾಯಿ ಮೇಲೆ, ಅವರು ಹೋದ ಮೇಲೆ ಕಿಟಕಿಗೆ, ಫೋಟೋಗೆ ಅಂತ ಬಾಗಿಲಿಗೆ. ಮೊಗ್ಗು ಬಂದ ಮೇಲೆ ಅದನ್ನು ತಿರುಗಿಸಲೂಬೇಡಿ.

ನೀರಿನ ವಿಷಯಕ್ಕೆ ಬಂದರೆ, ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ನಿಮ್ಮ ಮನೆ ನಲ್ಲಿಯ ಬಿಳಿ ಪೊರೆಯೇ ಹೇಳುತ್ತೆ. ಸಾವಿರ ಅಡಿ ಆಳದ ನೀರನ್ನು ಮಳೆಕಾಡಿನ ಗಿಡಕ್ಕೆ ದಿನಾ ಹಾಕಿದರೆ ಕುಂಡದ ಅಂಚಿನಲ್ಲೂ ಅದೇ ಪೊರೆ ಕಟ್ಟುತ್ತೆ, ಗಿಡ ನಿಧಾನಕ್ಕೆ ಹಳದಿಯಾಗುತ್ತೆ. ಮಳೆ ನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲವೇ ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್‌ನಿಂದ ಒಂದು ಲೋಟ. ಮನೆಯ ಫಿಲ್ಟರ್‌ನಿಂದ ಹೊರಹೋಗೋ ವೇಸ್ಟ್ ನೀರು ಮಾತ್ರ ಬೇಡ, ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ. ಮೇಲಿನ ಒಂದಿಂಚು ಮಣ್ಣು ಬೆರಳಿಗೆ ಒಣಗಿದ ಹಾಗೆ ಅನ್ನಿಸಿದಾಗ ಚೆನ್ನಾಗಿ ನೀರು ಹಾಕಿ, ಕೆಳಗಿನ ತಟ್ಟೆಗೆ ಇಳಿದದ್ದನ್ನು ಚೆಲ್ಲಿಬಿಡಿ. ತುಳಸಿಗೆ ಹಾಕೋ ಹಾಗೆ ದಿನಾ ಬೆಳಿಗ್ಗೆ ಒಂದು ತಂಬಿಗೆ ಹಾಕಿದರೆ ಬೇರು ಕೊಳೆಯುತ್ತೆ. ತುಂಡುಗಳು ಸುಕ್ಕಾಗಿ ಬಾಡಿದ ಹಾಗೆ ಕಂಡರೆ ತಕ್ಷಣ ನೀರು ಸುರಿಯಬೇಡಿ. ಒಣಗಿದರೂ ಹಾಗೇ ಕಾಣುತ್ತೆ, ಬೇರು ಕೊಳೆತರೂ ಹಾಗೇ. ಮೊದಲು ಮಣ್ಣಿಗೆ ಬೆರಳು ಹಾಕಿ ನೋಡಿ.

ಮಣ್ಣು ಅಂದೆ, ಆದರೆ ಬರೀ ಕೆಂಪುಮಣ್ಣು ತುಂಬಿಸಿದರೆ ನಾಲ್ಕು ಸಲ ನೀರು ಹಾಕೋಷ್ಟರಲ್ಲಿ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತೆ. ಎರಡು ಪಾಲು ಕೋಕೋಪೀಟ್, ಒಂದು ಪಾಲು ಚೆನ್ನಾಗಿ ಕೊಳೆತ ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಪುಡಿ ಮಾಡಿದ ಇಟ್ಟಿಗೆ ಚೂರು, ಒಂದು ಹಿಡಿ ಇದ್ದಿಲು. ಕೈಯಲ್ಲಿ ಹಿಡಿದು ಬಿಟ್ಟರೆ ಉಂಡೆ ಕಟ್ಟಬಾರದು. ಕುಂಡ ಚಿಕ್ಕದೇ ಇರಲಿ, ಬೇರು ಒತ್ತಾಗಿದ್ದರೇ ಇದಕ್ಕೆ ಇಷ್ಟ. ಗೊಬ್ಬರ ಕೇಳಿದವರಿಗೆ: ಜೂನ್‌ನಿಂದ ಆಗಸ್ಟ್ ತನಕ ತಿಂಗಳಿಗೊಮ್ಮೆ, ನಿಮ್ಮ ಮನೆಯಲ್ಲಿ ಹೊಲಕ್ಕೆ ಬಳಸೋ ‘ನೈನ್‌ಟೀನ್ ಆಲ್’ ಇದ್ದರೆ ಲೀಟರಿಗೆ ಅರ್ಧ ಗ್ರಾಂ. ಸೆಪ್ಟೆಂಬರ್ ಬಂದ ಮೇಲೆ ನಿಲ್ಲಿಸಿ. ಆಮೇಲೆ ಹಾಕಿದರೆ ಹೊಸ ತುಂಡುಗಳು ಬರುತ್ತವೆ, ಮೊಗ್ಗು ಹಿಂದೆ ಬೀಳುತ್ತೆ.

ಬೇಸಿಗೆಯೇ ದೊಡ್ಡ ಪರೀಕ್ಷೆ. ಏಪ್ರಿಲ್–ಮೇನಲ್ಲಿ ಗೌರಿಬಿದನೂರಿನ ಬಿಸಿಗಾಳಿಗೆ ಮನುಷ್ಯರೇ ಮಂಕಾಗ್ತೀವಿ. ಗಿಡ ಆಗ ಬೆಳೆಯೋದನ್ನೇ ನಿಲ್ಲಿಸಿ ಸುಮ್ಮನಿರುತ್ತೆ, ತುಂಡುಗಳು ಕೆಂಪು ಮಿಶ್ರಿತ ನೇರಳೆಗೆ ತಿರುಗಿದರೆ ಬೆಳಕು ಜಾಸ್ತಿ ಆಯ್ತು ಅಂತ ಅರ್ಥ. ಉತ್ತರದ ಕಡೆಯ ನೆರಳಿಗೆ ತನ್ನಿ. ರೇಷ್ಮೆ ಸಾಕೋರು ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸ್ತಾರಲ್ಲ, ಅಂಥದ್ದೇ ಒಂದು ಒದ್ದೆ ಗೋಣಿ ಕುಂಡದ ಹತ್ತಿರ ಇದ್ದರೆ ಸಾಕು. ಇಲ್ಲದಿದ್ದರೆ ತಟ್ಟೆಗೆ ಜಲ್ಲಿ ಹರಡಿ, ನೀರು ಹಾಕಿ, ಅದರ ಮೇಲೆ ಕುಂಡ ಇಡಿ. ಕುಂಡದ ತಳ ನೀರಿಗೆ ತಾಕಬಾರದು.

ರೇಷ್ಮೆಯವರಿಗೆ ಇನ್ನೊಂದು ಮಾತು, ಇದು ಸ್ವಲ್ಪ ಗಂಭೀರ. ಈ ಕಳ್ಳಿಗೆ ಬರೋ ಮುಖ್ಯ ಕೀಟ ಅಂದರೆ ಹಿಟ್ಟುತಿಗಣೆ, ತುಂಡುಗಳ ಸಂದಿಯಲ್ಲಿ ಬಿಳಿ ಹತ್ತಿಯ ಹಾಗೆ ಕಾಣುತ್ತೆ. ಹಿಪ್ಪುನೇರಳೆಗೆ ತುಕ್ರಾ ರೋಗ ತರೋದೂ ಹಿಟ್ಟುತಿಗಣೆಯೇ ಆದ್ದರಿಂದ ನಿಮಗೆ ಪರಿಚಯ ಇದ್ದೇ ಇದೆ. ನೋಡಿದ ತಕ್ಷಣ ಔಷಧಿ ಸ್ಪ್ರೇ ಮಾಡೋಣ ಅನ್ನಿಸುತ್ತೆ. ಮನೆಯಲ್ಲಿ ಹುಳು ಮೇಯ್ತಾ ಇದ್ದರೆ ದಯವಿಟ್ಟು ಬೇಡ. ಬೇವಿನೆಣ್ಣೆಯೂ ಬೇಡ, ಅದೂ ರೇಷ್ಮೆಹುಳುವಿಗೆ ಆಗಲ್ಲ. ಕಿವಿಗೆ ಹಾಕೋ ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದೇ ತಿಗಣೆಯನ್ನು ಒರೆಸಿ ತೆಗೀರಿ, ಆಮೇಲೆ ಕೈ ಸೋಪಿನಲ್ಲಿ ತೊಳೆದುಕೊಂಡೇ ಸೊಪ್ಪು ಮುಟ್ಟಿ. ಒಂದು ಅರ್ಧ ಗಂಟೆಯ ಕೆಲಸ. ಅಂದಹಾಗೆ ಈ ಗಿಡ ನಾಯಿ ಬೆಕ್ಕುಗಳಿಗೆ ವಿಷವಲ್ಲ, ಬೆಕ್ಕು ಒಂದು ತುಂಡು ಕಚ್ಚಿದರೆ ಗಾಬರಿ ಬೇಡ.

ಹೂವೆಲ್ಲ ಮುಗಿದ ಮೇಲೆ ಒಂದು ತಿಂಗಳು ನೀರು ಕಮ್ಮಿ ಮಾಡಿ, ಗಿಡ ಸುಧಾರಿಸಿಕೊಳ್ಳಲಿ. ಮೊದಲ ಮಳೆ ಬಿದ್ದಾಗ, ಜೂನ್‌ನಲ್ಲಿ, ಪ್ರತಿ ಕೊಂಬೆಯ ತುದಿಯಿಂದ ಒಂದೆರಡು ತುಂಡು ತಿರುಚಿ ತೆಗೆಯಿರಿ. ಕತ್ತರಿ ಬೇಡ, ಕೀಲಿನ ಹತ್ತಿರ ಹಿಡಿದು ತಿರುಚಿದರೆ ತಾನೇ ಬಿಡಿಸಿಕೊಳ್ಳುತ್ತೆ. ತೆಗೆದ ಕಡೆ ಎರಡು ಕವಲು ಬರುತ್ತೆ, ಅಂದರೆ ಮುಂದಿನ ವರ್ಷ ಹೂ ಬಿಡೋ ತುದಿಗಳು ಜಾಸ್ತಿ. ತೆಗೆದ ತುಂಡುಗಳನ್ನು ಎಸೀಬೇಡಿ. ಎರಡು ಮೂರು ತುಂಡು ಸೇರಿರೋ ಕಡ್ಡಿಯನ್ನು ಒಂದೆರಡು ದಿನ ನೆರಳಲ್ಲಿ ಒಣಗಲು ಬಿಟ್ಟು, ಒದ್ದೆ ಕೋಕೋಪೀಟ್ ಮತ್ತು ಮರಳಿನಲ್ಲಿ ಒಂದಿಂಚು ಊರಿದರೆ ಮೂರು ನಾಲ್ಕು ವಾರಕ್ಕೆ ಬೇರು. ದೊಡ್ಡಮ್ಮ ಹೋದ ಜೂನ್‌ನಲ್ಲಿ ಹಾಗೆ ಆರು ಲೋಟ ಮಾಡಿದ್ದರು. ಒಂದು ನನಗೆ, ಮೂರು ಅವರ ಬೀದಿಯವರಿಗೆ, ಒಂದು ಹಾಲು ಹಾಕೋ ಹುಡುಗನ ಅಮ್ಮನಿಗೆ. ಆರನೆಯದು ಯಾರಿಗೆ ಅಂತ ಕೇಳಿದ್ದಕ್ಕೆ, “ಅಣ್ಣ ಬಂದಾಗ ತಗೊಂಡು ಹೋಗ್ಲಿ ಅಂತ ಇಟ್ಟಿದೀನಿ” ಅಂದರು. ವಿಮಾನದಲ್ಲಿ ಮಣ್ಣಿರೋ ಗಿಡ ಒಯ್ಯೋಕೆ ಬಿಡಲ್ಲ ದೊಡ್ಡಮ್ಮ ಅಂದೆ. “ಹಂಗಾದ್ರೆ ಇಲ್ಲೇ ಇರ್ಲಿ ಬಿಡು, ಅವನು ಬಂದು ನೋಡ್ಲಿ” ಅಂದರು.

ಮುಂದಿನ ತಿಂಗಳು ಕೆಲವರು ಕೇಳಿರೋ ದುಂಡುಮಲ್ಲಿಗೆ ಸವರುವಿಕೆಯ ಬಗ್ಗೆ ಬರೀತೀನಿ. ಅಷ್ಟರಲ್ಲಿ ನಿಮ್ಮ ಕಳ್ಳಿಗೆ ಡಬ್ಬಿ ಹುಡುಕಿಡಿ.